ಹಣೆ ನೋಡಿ, ರೆಪ್ಪೆ ನೋಡಿ, ಆಮೇಲೆ ದಾರಿ ಹಿಡಿಯಿರಿ

ಬೆಳಿಗ್ಗೆ ಎದ್ದವರ ಬಾಯಿ ಒಂದು ಕಡೆಗೆ ವಾಲಿದೆ, ಮುಕ್ಕಳಿಸಿದ ನೀರು ತುಟಿಯ ಅಂಚಿನಿಂದ ಸೋರುತ್ತಿದೆ ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ ಮೊದಲು ಹೊರಡುವ ಮಾತು 'ಲಕ್ವಾ ಹೊಡೆದಿದೆ' ಎಂಬುದು. ಎರಡನೆಯ ಮಾತು ಯಾವ ಊರಿನ ನಾಟಿ ವೈದ್ಯರು ಇದಕ್ಕೆ ಮದ್ದು ಕೊಡುತ್ತಾರೆ ಎಂಬುದು. ಆ ಗಳಿಗೆಯಲ್ಲಿ ಮನೆಯವರು ಹಿಡಿಯುವ ದಾರಿಯ ಮೇಲೆ ರೋಗಿಯ ಮುಂದಿನ ಬದುಕು ನಿಂತಿರುತ್ತದೆ. ಆ ದಾರಿಯನ್ನು ಆರಿಸಲು ನೆರವಾಗುವ ಸುಳಿವು ರೋಗಿಯ ಮುಖದಲ್ಲೇ ಇರುತ್ತದೆ. ಮಿದುಳಿನ ಬುಡದಿಂದ ಹೊರಟು ಕಣ್ಣು, ಕಿವಿ, ಮುಖ, ನಾಲಿಗೆ, ಗಂಟಲುಗಳಿಗೆ ಹೋಗುವ ಹನ್ನೆರಡು ಜೊತೆ ನರಗಳು, ವೈದ್ಯರು ಕಪಾಲ ನರಗಳು ಎನ್ನುವವು, ತಮ್ಮ ಕೆಡುಕನ್ನು ಚರ್ಮದ ಮೇಲೇ ಬರೆದು ತೋರಿಸುತ್ತವೆ. ಈ ನರಗಳ ಬಗ್ಗೆ ಒಂದಿಷ್ಟು ತಿಳಿವಳಿಕೆ ವೈದ್ಯಕೀಯ ಕಾಲೇಜಿನ ಗೋಡೆಯೊಳಗೆ ಮಾತ್ರ ಇರಬಾರದು, ಘಟ್ಟದ ಮೇಲಿನ ಪ್ರತಿ ಮನೆಗೂ ಬರಬೇಕು ಎಂಬುದು ಈ ಲೇಖನದ ವಾದ. ಚಿಕಿತ್ಸೆಯನ್ನು ಮನೆಯಲ್ಲೇ ಮಾಡಿಕೊಳ್ಳಲಿ ಎಂದಲ್ಲ. ಎಲ್ಲಿಗೆ ಹೋಗಬೇಕು, ಎಷ್ಟು ಬೇಗ ಹೋಗಬೇಕು ಎಂಬುದು ತಿಳಿಯಲಿ ಎಂದು.

ಈ ಮಾತು ಬೆಂಗಳೂರಿಗಿಂತ ಇಲ್ಲಿ ಹೆಚ್ಚು ಸಲ್ಲುವುದಕ್ಕೆ ಕಾರಣ ದೂರ. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಶಿರಸಿಯ ಪಂಡಿತ್ ಸಾರ್ವಜನಿಕ ಆಸ್ಪತ್ರೆಗೆ ಸುತ್ತಲಿನ ತಾಲ್ಲೂಕುಗಳಿಂದಲೂ ಜನ ಬರುತ್ತಾರೆ. ಆದರೆ ನರರೋಗ ತಜ್ಞರು, ಮಿದುಳಿನ ಶಸ್ತ್ರಚಿಕಿತ್ಸಕರು ಬೇಕಾದಾಗ ಸಾಮಾನ್ಯವಾಗಿ ಹುಬ್ಬಳ್ಳಿ, ಶಿವಮೊಗ್ಗ ಅಥವಾ ಮಣಿಪಾಲದ ಕಡೆ ಮುಖ ಮಾಡಬೇಕು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್. ಅದೂ ಪೇಟೆಯಿಂದ ಹಿಡಿದ ಲೆಕ್ಕ. ತೋಟದ ತಲೆಯ ಮೇಲಿನ ಒಂಟಿ ಮನೆಯಿಂದ ಡಾಂಬರು ರಸ್ತೆ ಮುಟ್ಟುವ ಹೊತ್ತನ್ನು ಇದಕ್ಕೆ ಕೂಡಿಸಬೇಕು. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು, ಅರಬೈಲ್ ಘಟ್ಟದ ಹೆದ್ದಾರಿಯೂ ಕಡಿದುಹೋದದ್ದು ಜನರಿಗೆ ನೆನಪಿದೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ಜನ ದೊಡ್ಡ ದನಿಯಲ್ಲಿ ಕೇಳಿದರು. ಆ ಬೇಡಿಕೆ ನ್ಯಾಯವಾದದ್ದು. ಅದು ಪೂರ್ತಿ ಕೈಗೂಡುವ ತನಕ, ಕೈಗೂಡಿದ ಮೇಲೂ, ಹೊರಡುವ ಮೊದಲಿನ ಅರ್ಧ ಗಂಟೆ ಮನೆಯವರ ಕೈಯಲ್ಲೇ ಇರುತ್ತದೆ.

ಈ ನರಗಳನ್ನು ಹನ್ನೆರಡು ಜೊತೆ ಎಂದು ಎಣಿಸಿದವನು ಜರ್ಮನಿಯ ಅಂಗರಚನಾ ತಜ್ಞ ಸೋಮರಿಂಗ್, 1778ರಲ್ಲಿ. ಅದಕ್ಕೂ ಬಹಳ ಮುಂಚೆ ಪ್ರಾಚೀನ ವೈದ್ಯ ಗ್ಯಾಲನ್ ಏಳು ಜೊತೆ ಎಂದಿದ್ದ. ಎಣಿಕೆಯಲ್ಲಿ ಒಂದಿಷ್ಟು ಸಂಪ್ರದಾಯವೂ ಸೇರಿದೆ: ಎರಡನೆಯದಾದ ದೃಷ್ಟಿ ನರ ನಿಜಕ್ಕೆ ಮಿದುಳಿನದೇ ಚಾಚು, ಹನ್ನೊಂದನೆಯದರ ಬೇರು ಕುತ್ತಿಗೆಯ ಬೆನ್ನುಹುರಿಯಲ್ಲಿದೆ. ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಸೀಮೆಯವರು ರಾತ್ರಿಯಿಡೀ ಕೂತು ನೋಡುವ ಬಡಗುತಿಟ್ಟಿನ ಯಕ್ಷಗಾನ ಆಟವನ್ನು ಕಣ್ಮುಂದೆ ತಂದುಕೊಂಡರೆ ಅವುಗಳ ಕೆಲಸ ಬೇಗ ತಿಳಿಯುತ್ತದೆ. ವೇಷಧಾರಿಯ ಕಣ್ಣುಗುಡ್ಡೆ ಬಲಕ್ಕೆ, ಎಡಕ್ಕೆ, ಮೇಲಕ್ಕೆ ಹೊರಳುವುದು ಮೂರು, ನಾಲ್ಕು ಮತ್ತು ಆರನೆಯ ನರಗಳಿಂದ. ರೆಪ್ಪೆ ಎತ್ತುವುದು ಮೂರನೆಯದು, ರೆಪ್ಪೆ ಮುಚ್ಚುವುದು ಏಳನೆಯದು. ಒಂದೇ ರೆಪ್ಪೆಗೆ ಇಬ್ಬರು ಯಜಮಾನರು ಎಂಬುದನ್ನು ನೆನಪಿಡಿ, ಮುಂದೆ ಇದೇ ಕೆಲಸಕ್ಕೆ ಬರುತ್ತದೆ. ಹುಬ್ಬು ಹಾರಿಸುವುದು, ತುಟಿ ಬಿಗಿಯುವುದು, ನಗು, ಕ್ರೋಧ ಎಲ್ಲವೂ ಏಳನೆಯ ನರದ್ದು. ಬಣ್ಣ ಹಚ್ಚಿದ ಕೆನ್ನೆಗೆ ಸೋಕಿದ ಗಾಳಿಯನ್ನು ಅರಿಯುವುದು, ದವಡೆ ಕಚ್ಚುವುದು ಐದನೆಯದರ ಕೆಲಸ. ಈ ಐದನೆಯ ನರ ಕೆರಳಿದರೆ ಕೆನ್ನೆಯಲ್ಲಿ ಮಿಂಚು ಹೊಡೆದಂತಹ ನೋವು ಬರುತ್ತದೆ. ಅದನ್ನು ಹಲ್ಲುನೋವೆಂದು ತಿಳಿದು ಗಟ್ಟಿಮುಟ್ಟಾದ ಹಲ್ಲು ಕೀಳಿಸಿಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ. ಚಂಡೆಯ ಪೆಟ್ಟನ್ನು ಕೇಳಿಸುವುದೂ, ಮಂಡಿ ಹಾಕಿ ಗಿರಕಿ ಹೊಡೆಯುವಾಗ ತೋಲ ತಪ್ಪದಂತೆ ಕಾಯುವುದೂ ಎಂಟನೆಯದು. ನುಂಗುವುದು ಒಂಬತ್ತು ಮತ್ತು ಹತ್ತರದ್ದು, ಭುಜ ಹಾರಿಸಿ ಕತ್ತು ತಿರುಗಿಸುವುದು ಹನ್ನೊಂದರದ್ದು, ಅರ್ಥಧಾರಿಯ ನಾಲಿಗೆ ಹೊರಳುವುದು ಹನ್ನೆರಡರದ್ದು. ಭಾಗವತರ ಕಂಠ ಹತ್ತನೆಯ ನರದ ಆಸ್ತಿ. ಈ ಹತ್ತನೆಯದರ ಒಂದು ಕವಲು ಎಡಭಾಗದಲ್ಲಿ ಎದೆಗೂಡಿನೊಳಗೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯನ್ನು ಸುತ್ತಿ, ಮತ್ತೆ ಮೇಲಕ್ಕೆ ಬಂದು ಧ್ವನಿಪೆಟ್ಟಿಗೆ ಸೇರುತ್ತದೆ. ಹಾಗಾಗಿ ಮೂರು ವಾರ ದಾಟಿದರೂ ಇಳಿಯದ ಗೊಗ್ಗರು ದನಿಯ ಮೂಲ ಗಂಟಲಲ್ಲೇ ಇರಬೇಕೆಂದಿಲ್ಲ, ಎದೆಯಲ್ಲೂ ಇರಬಹುದು. ನರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತಿಳಿದವರಿಗೆ ಮಾತ್ರ ಈ ಅನುಮಾನ ಬರುತ್ತದೆ.

ಈಗ ವಾಲಿದ ಬಾಯಿಗೆ ಬರೋಣ. ಬಾಯಿ ವಾಲುವುದಕ್ಕೆ ಎರಡು ಮುಖ್ಯ ಕಾರಣಗಳಿವೆ. ಒಂದು, ಮಿದುಳಿನೊಳಗೆ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಆಗುವ ಪಾರ್ಶ್ವವಾಯು. ಇನ್ನೊಂದು, ಮಿದುಳು ಸರಿಯಾಗಿಯೇ ಇದ್ದು, ಕಿವಿಯ ಹಿಂದಿನ ಎಲುಬಿನ ಇಕ್ಕಟ್ಟಾದ ಕೊಳವೆಯಲ್ಲಿ ಏಳನೆಯ ನರ ಬಾತುಕೊಂಡು ಅದುಮಿಹೋಗುವುದು. ಇದಕ್ಕೆ ಬೆಲ್ಸ್ ಪಾಲ್ಸಿ ಎಂದು ಹೆಸರು. 1821ರಲ್ಲಿ ಈ ನರದ ಕೆಲಸವನ್ನು ವಿವರಿಸಿದ ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್‌ನಿಂದ ಬಂದದ್ದು. ಎರಡನ್ನೂ ಬೇರ್ಪಡಿಸುವ ಮುಖ್ಯ ಸುಳಿವು ಹಣೆಯಲ್ಲಿದೆ. ಮುಖದ ಕೆಳಭಾಗಕ್ಕೆ ಮಿದುಳಿನ ಎದುರು ಬದಿಯಿಂದ ಮಾತ್ರ ಆಜ್ಞೆ ಬರುತ್ತದೆ. ಹಣೆಗಾದರೋ ಮಿದುಳಿನ ಎರಡೂ ಬದಿಗಳಿಂದ ಬರುತ್ತದೆ. ಮಿದುಳಿನ ಒಂದು ಬದಿ ಕೆಟ್ಟಾಗ ಬಾಯಿ ವಾಲಿದರೂ, ಇನ್ನೊಂದು ಬದಿಯ ಆಜ್ಞೆಯಿಂದ ಹಣೆ ನೆರಿಗೆಯಾಗುತ್ತದೆ, ಕಣ್ಣು ಮುಚ್ಚುತ್ತದೆ. ನರವೇ ಅದುಮಿಹೋದಾಗ ಯಾವ ಬದಿಯ ಆಜ್ಞೆಯೂ ತಲುಪುವುದಿಲ್ಲ. ಆ ಕಡೆಯ ಹಣೆ ನುಣುಪಾಗಿ ನಿಂತುಬಿಡುತ್ತದೆ, ಕಣ್ಣು ಮುಚ್ಚಲು ಹೋದರೆ ಬಿಳಿ ಗುಡ್ಡೆ ಕಾಣುತ್ತದೆ. ಹುಬ್ಬು ಮೇಲೆತ್ತಿ ಎಂದು ಹೇಳುವುದಕ್ಕೆ ಯಂತ್ರ ಬೇಡ. ಜೊತೆಗೆ ಆ ಕಡೆಯ ಕಿವಿಗೆ ಸದ್ದು ಜೋರಾಗಿ ಕೇಳುತ್ತಿದೆ, ನಾಲಿಗೆಯ ಅರ್ಧ ಭಾಗಕ್ಕೆ ರುಚಿ ಹತ್ತುತ್ತಿಲ್ಲ ಎಂದರೆ ಸಂಶಯ ನರದ ಮೇಲೇ ಬೀಳುತ್ತದೆ, ಯಾಕೆಂದರೆ ನಾಲಿಗೆಯ ಮುಂಭಾಗದ ರುಚಿಯನ್ನೂ, ಕಿವಿಯೊಳಗೆ ಸದ್ದು ತಗ್ಗಿಸುವ ಪುಟ್ಟ ಸ್ನಾಯುವನ್ನೂ ಇದೇ ನರ ನೋಡಿಕೊಳ್ಳುತ್ತದೆ. ಕೈ ಸೋತಿದೆ, ಕಾಲು ಎಳೆಯುತ್ತಿದೆ, ಮಾತು ತೊದಲುತ್ತಿದೆ ಎಂದರೆ ಹಣೆ ಏನೇ ಹೇಳಲಿ, ಅದು ಪಾರ್ಶ್ವವಾಯುವೆಂದೇ ತಿಳಿದು ಓಡಬೇಕು. ರಕ್ತನಾಳ ಕಟ್ಟಿದ ಪಾರ್ಶ್ವವಾಯುವಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಅದೂ ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲವೆಂದು ಖಚಿತವಾದ ಮೇಲೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ನಾಟಿ ಮದ್ದು ಕುಡಿದು, ಎಣ್ಣೆ ತಿಕ್ಕಿಸಿಕೊಂಡು ಮುಖ ನೆಟ್ಟಗಾದವರು ಊರೂರಲ್ಲಿ ಇದ್ದಾರಲ್ಲ, ಅದು ಸುಳ್ಳೇ ಎಂದು ಜನ ಕೇಳುತ್ತಾರೆ. ಸುಳ್ಳಲ್ಲ, ಅವರ ಮುಖ ನೆಟ್ಟಗಾದದ್ದು ನಿಜ. ಡೆನ್ಮಾರ್ಕಿನ ಪೈಟರ್ಸನ್ ಎಂಬ ವೈದ್ಯರು ಯಾವ ಮದ್ದನ್ನೂ ಕೊಡದೆ ಸಾವಿರಕ್ಕೂ ಹೆಚ್ಚು ಬೆಲ್ಸ್ ಪಾಲ್ಸಿ ರೋಗಿಗಳ ಮೇಲೆ ವರ್ಷಗಟ್ಟಲೆ ನಿಗಾ ಇಟ್ಟು 2002ರಲ್ಲಿ ಲೆಕ್ಕ ಪ್ರಕಟಿಸಿದರು: ಶೇ 71ರಷ್ಟು ಮಂದಿ ತಾವಾಗಿಯೇ ಪೂರ್ತಿ ಗುಣವಾಗಿದ್ದರು. ಹತ್ತರಲ್ಲಿ ಏಳು ಮಂದಿ ಏನೂ ಮಾಡದೆ ಗುಣವಾಗುವ ಕಾಯಿಲೆಗೆ ಯಾವ ಮದ್ದು ಕೊಟ್ಟರೂ ಹತ್ತರಲ್ಲಿ ಏಳು ಸಲ ಹೆಸರು ಬರುತ್ತದೆ. ವರ್ಷಕ್ಕೆ ಲಕ್ಷ ಜನರಲ್ಲಿ 20ರಿಂದ 30 ಮಂದಿಗೆ ಬರುವ ಕಾಯಿಲೆ ಇದು. ಮೂರು ಲಕ್ಷಕ್ಕೂ ಹೆಚ್ಚು ಜನರಿರುವ ಈ ಮೂರು ತಾಲ್ಲೂಕುಗಳಲ್ಲಿ ಆ ಲೆಕ್ಕದಂತೆ ವರ್ಷಕ್ಕೆ 60ರಿಂದ 90 ಮಂದಿಗೆ ಬರಬಹುದು. ಅವರಲ್ಲಿ ಹೆಚ್ಚಿನವರು ಗುಣವಾಗಿ ಊರಲ್ಲಿ ಓಡಾಡುತ್ತಾರೆ, ಅವರನ್ನು ಕಂಡು ಮುಂದಿನವರು ಅದೇ ದಾರಿ ಹಿಡಿಯುತ್ತಾರೆ. ನಾಟಿ ವೈದ್ಯರನ್ನು ಮೋಸಗಾರರು ಎನ್ನುವುದು ತಪ್ಪು. ಅವರಲ್ಲಿ ಬಹುಪಾಲು ಜನ ತಾವು ಕಂಡದ್ದನ್ನು ನಂಬಿದವರು, ಕಾಡಿನ ಗಿಡಮೂಲಿಕೆಗಳ ಬಗ್ಗೆ ಅವರಿಗಿರುವ ತಿಳಿವಳಿಕೆ ಉಳಿಯಬೇಕಾದದ್ದು. ಆದರೆ ಉಳಿದ ಮೂವರ ಮಾತೇನು? ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ದಿನದೊಳಗೆ ಪ್ರೆಡ್ನಿಸೊಲೋನ್ ಮಾತ್ರೆ ಶುರು ಮಾಡಿದವರಲ್ಲಿ ಒಂಬತ್ತು ತಿಂಗಳ ಹೊತ್ತಿಗೆ ಶೇ 94 ಮಂದಿ ಪೂರ್ತಿ ಗುಣವಾದರು, ಮಾತ್ರೆ ತೆಗೆದುಕೊಳ್ಳದವರಲ್ಲಿ ಶೇ 82 ಮಂದಿ. ಆ ಮಾತ್ರೆ ದುಬಾರಿಯಲ್ಲ, ತಾಲ್ಲೂಕು ಆಸ್ಪತ್ರೆಯ ವೈದ್ಯರೇ ಬರೆದುಕೊಡಬಲ್ಲರು. ಮೊದಲ ಮೂರು ದಿನ ಕಷಾಯದಲ್ಲಿ ಕಳೆದರೆ ಈ ಲಾಭ ಕೈತಪ್ಪುತ್ತದೆ. ಮುಚ್ಚದ ಕಣ್ಣಿಗೆ ಹನಿ ಹಾಕದೆ, ರಾತ್ರಿ ರೆಪ್ಪೆಗೆ ಪಟ್ಟಿ ಅಂಟಿಸದೆ ಬಿಟ್ಟರೆ ಕರಿಗುಡ್ಡೆ ಒಣಗಿ ಹುಣ್ಣಾಗಿ ದೃಷ್ಟಿಯೇ ಹೋದೀತು. ಕಿವಿಯಲ್ಲಿ ಗುಳ್ಳೆ ಎದ್ದಿದ್ದರೆ ಅದು ಸರ್ಪಸುತ್ತಿನ ವೈರಾಣು, ಅದಕ್ಕೆ ಬೇರೆ ಮದ್ದು ಸೇರಬೇಕು. ಎಲ್ಲಕ್ಕಿಂತ ದೊಡ್ಡ ನಷ್ಟ ನಾಟಿ ಮದ್ದಿನ ದಾರಿಯಲ್ಲಿ ಹೋದ ಪಾರ್ಶ್ವವಾಯು ರೋಗಿಯದು. ಅವನ ಕಾಯಿಲೆಗೂ 'ಲಕ್ವಾ' ಎಂಬ ಅದೇ ಹೆಸರು ಹೇಳಿ ಅದೇ ಮನೆಗೆ ಕರೆದೊಯ್ದಿರುತ್ತಾರೆ.

ರೆಪ್ಪೆಯ ಮಾತು ಇನ್ನೂ ತುರ್ತಿನದು. ಮಲೆನಾಡಿನ ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಿದರೆ ಬಹಳ ಸಲ ನೋವಿರುವುದಿಲ್ಲ, ಬಾವಿರುವುದಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ. ನಡುರಾತ್ರಿ ಹೊಟ್ಟೆನೋವು, ವಾಂತಿ ಎಂದು ಎದ್ದವರಿಗೆ ಮನೆಯವರು ಕಷಾಯ ಮಾಡಿಕೊಡುತ್ತಾರೆ. ಬೆಳಗಾಗುವ ಹೊತ್ತಿಗೆ ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಎಂಜಲು ನುಂಗಲಾಗುವುದಿಲ್ಲ, ಮಾತು ಮೂಗಿನಲ್ಲಿ ಬರುತ್ತದೆ, ಕತ್ತು ನಿಲ್ಲುವುದಿಲ್ಲ, ಕೊನೆಗೆ ಉಸಿರು. ನಾಗರಹಾವಿನ ವಿಷವೂ ಹೀಗೇ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಆದರೆ ಅದು ಕಚ್ಚಿದ ಜಾಗದಲ್ಲಿ ನೋವು, ಬಾವು ಇರುತ್ತವೆ. ಈ ವಿಷಗಳು ನರವನ್ನು ಕಡಿಯುವುದಿಲ್ಲ; ನರದ ತುದಿ ಸ್ನಾಯುವನ್ನು ಸೇರುವ ಜಾಗದಲ್ಲಿ ಆಜ್ಞೆ ದಾಟದಂತೆ ತಡೆಯುತ್ತವೆ. ಬಿಡುವಿಲ್ಲದೆ ದುಡಿಯುವ ಕಣ್ಣಿನ ಮತ್ತು ರೆಪ್ಪೆಯ ಸ್ನಾಯುಗಳು ಈ ತಡೆಗೆ ಮೊದಲು ಸೋಲುತ್ತವೆ. ಹಾಗಾಗಿ ಕಪಾಲ ನರಗಳ ಸೀಮೆಯೇ ವಿಷದ ಮೊದಲ ಗಂಟೆಯನ್ನು ಹೇಳುತ್ತದೆ. ತಲೆ ಅಲುಗಿಸದೆ ಒಂದು ನಿಮಿಷ ಮೇಲಕ್ಕೆ ನೋಡುತ್ತಿರಿ ಎಂದಾಗ ರೆಪ್ಪೆ ತಾನಾಗಿ ಇಳಿದುಬಂದರೆ, ಅದೂ ಎರಡೂ ಕಣ್ಣಿನಲ್ಲಿ, ಅದು ಪಿತ್ತವಲ್ಲ. ಬೆಲ್ಸ್ ಪಾಲ್ಸಿಯಲ್ಲಿ ಕಣ್ಣು ಮುಚ್ಚುವುದಿಲ್ಲ, ಹಾವಿನ ವಿಷದಲ್ಲಿ ಕಣ್ಣು ತೆರೆಯುವುದಿಲ್ಲ. ರೆಪ್ಪೆಗೆ ಇಬ್ಬರು ಯಜಮಾನರೆಂದು ಹೇಳಿದ್ದು ಇದಕ್ಕೇ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡಿದ ಮೇಲೆ ಪ್ರತಿವಿಷ ಅದನ್ನು ಹಿಂದಕ್ಕೆ ತರಲಾರದು. ಹೊಸ ಹಾನಿಯನ್ನು ಮಾತ್ರ ತಡೆಯುತ್ತದೆ. ಆದ್ದರಿಂದ ರೆಪ್ಪೆ ಇಳಿಯಲು ಶುರುವಾದ ಕೂಡಲೇ ಹೊರಡಬೇಕು, ಹಾವು ಕಂಡಿದ್ದರಂತೂ ರೆಪ್ಪೆಗೆ ಕಾಯಲೇಬಾರದು.

ಹಾವಿನ ಮಂತ್ರದ ಹೆಸರೂ ಬೆಳೆದದ್ದು ವಾಲಿದ ಬಾಯಿಯ ಮದ್ದಿನ ಹಾಗೆಯೇ. ಕಚ್ಚುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು; ವಿಷದ ಹಾವು ಕಚ್ಚಿದಾಗಲೂ ಎಷ್ಟೋ ಸಲ ವಿಷ ಒಳಗಿಳಿದಿರುವುದಿಲ್ಲ. ಆ ರೋಗಿಗಳೆಲ್ಲ ಮಂತ್ರ ಹಾಕಿದರೂ ಬದುಕುತ್ತಾರೆ, ಹಾಕದಿದ್ದರೂ ಬದುಕುತ್ತಾರೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವಿನ ಕಡಿತಕ್ಕೆ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಒಳ್ಳೆಯ ಕೆಲಸ. ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಕಟ್ಟುಹಾವಿನ ವಿಷ ಪೂರ್ತಿ ಏರಿದವರ ಪಾಪೆ ಅರಳಿ ನಿಂತು ಬೆಳಕಿಗೆ ಕುಗ್ಗದೆ ಇರಬಹುದು, ಕಣ್ಣು ಹೊರಳದೆ ಇರಬಹುದು, ಚಿವುಟಿದರೂ ಮೈ ಅಲುಗದೆ ಇರಬಹುದು. ನೋಡಿದವರಿಗೆ ಜೀವ ಹೋದಂತೆಯೇ ಕಾಣುತ್ತದೆ. ಆದರೆ ಒಳಗೆ ಮಿದುಳು ಎಚ್ಚರವಾಗಿರಬಹುದು, ಸುತ್ತಲಿನವರ ಮಾತು ಅವರಿಗೆ ಕೇಳಿಸುತ್ತಿರಬಹುದು. ಕೃತಕ ಉಸಿರಾಟದಲ್ಲಿ ದಿನಗಟ್ಟಲೆ ಇಟ್ಟು ಇಂಥವರನ್ನು ಉಳಿಸಿದ್ದಾರೆ. ಉಸಿರು ನಿಲ್ಲುತ್ತಿದೆ ಎಂದು ಕಂಡರೆ ದಾರಿಯುದ್ದಕ್ಕೂ ಬಾಯಿಗೆ ಬಾಯಿಟ್ಟೋ ಗಾಳಿ ಊದುವ ಚೀಲದಿಂದಲೋ ಉಸಿರು ಕೊಡುತ್ತ ಹೋಗಬೇಕು, ಕೈಬಿಡಬಾರದು.

ಮೂರನೆಯದು ಪಾಪೆ. ಅಡಿಕೆ ಸೀಮೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯಲು, ಕೊನೆ ಇಳಿಸಲು ಕೊನೆಗೌಡರು ಮರ ಹತ್ತುತ್ತಾರೆ. ಉದ್ದನೆಯ ದೋಟಿಗಳು ಬಂದಿದ್ದರೂ ಮರ ಹತ್ತುವುದು ನಿಂತಿಲ್ಲ. ಮಳೆಗೆ ಜಾರುವ ಮರದಿಂದ ಬಿದ್ದವರು ಒಂದು ಗಳಿಗೆ ಎಚ್ಚರ ತಪ್ಪಿ, ಎದ್ದು ಕೂತು, ಚಹಾ ಕುಡಿದು, ಏನಿಲ್ಲ ಎಂದು ಮಾತಾಡಿ, ಒಂದೆರಡು ಗಂಟೆಯ ಮೇಲೆ ತೂಕಡಿಸತೊಡಗಿದರೆ ಅದು ನಿದ್ದೆಯಲ್ಲದೆ ಇರಬಹುದು. ತಲೆಬುರುಡೆಯ ಒಳಗೆ ರಕ್ತ ಸೇರುತ್ತ ಮಿದುಳನ್ನು ಕೆಳಕ್ಕೆ ದೂಡಿದಾಗ ಮೂರನೆಯ ನರ ಅದುಮಿಹೋಗುತ್ತದೆ. ಪಾಪೆಯನ್ನು ಕುಗ್ಗಿಸುವ ಎಳೆಗಳು ಆ ನರದ ಹೊರಮೈಯಲ್ಲಿರುವುದರಿಂದ ಮೊದಲು ಅವೇ ಸೋಲುತ್ತವೆ. ಮೊಬೈಲಿನ ಬೆಳಕು ಹಿಡಿದಾಗ ಒಂದು ಪಾಪೆ ಕುಗ್ಗಿ ಇನ್ನೊಂದು ದೊಡ್ಡದಾಗಿಯೇ ಉಳಿದರೆ, ಶಸ್ತ್ರಚಿಕಿತ್ಸೆಗೆ ಉಳಿದಿರುವ ಹೊತ್ತು ಬಹಳ ಕಡಿಮೆ. ಪಾಪೆ ಸರಿಯಿದ್ದರೂ ತೂಕಡಿಕೆ, ವಾಂತಿ ಇದ್ದರೆ ಹೊರಡಲೇಬೇಕು. ಬಿದ್ದ ಮೇಲೆ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ನೆಗಡಿಯೆಂದು ಬಿಡುವಂತಿಲ್ಲ. ವಾಸನೆಯ ನರದ ಎಳೆಗಳು ಮೂಗಿನ ಮೇಲಿನ ತೆಳ್ಳನೆಯ ಎಲುಬಿನ ತೂತುಗಳಲ್ಲಿ ಹಾದುಹೋಗುತ್ತವೆ. ಆ ಎಲುಬು ಬಿರಿದರೆ ಮಿದುಳಿನ ಸುತ್ತಲಿನ ದ್ರವ ಅಲ್ಲಿಂದಲೇ ಸೋರುತ್ತದೆ.

ಅರೆತಿಳಿವು ಅಪಾಯ, ಹಣೆ ನೆರಿಗೆಯಾಗದ್ದನ್ನು ಕಂಡು 'ಇದು ಬರೀ ನರ' ಎಂದು ಮನೆಯಲ್ಲೇ ಕುಳಿತಾರು ಎಂದು ವೈದ್ಯರು ಹೇಳಬಹುದು. ಈ ಭಯ ಸರಿಯಾದದ್ದು. ಮಿದುಳ ಕಾಂಡದಲ್ಲಿ, ಏಳನೆಯ ನರ ಹುಟ್ಟುವ ಜಾಗದಲ್ಲೇ ಪಾರ್ಶ್ವವಾಯುವಾದರೆ ಹಣೆಯೂ ಸೋಲುತ್ತದೆ. ಹಣೆಯ ನಿಯಮ ಅಲ್ಲಿ ಮೋಸ ಮಾಡುತ್ತದೆ. ಆದ್ದರಿಂದಲೇ ಈ ತಿಳಿವಳಿಕೆಗೆ ಒಂದು ಗಡಿ ಹಾಕಬೇಕು: ಮುಖ ವಾಲಿದರೆ ಯಾವ ಸ್ಥಿತಿಯಲ್ಲೂ ಅದೇ ದಿನ ಆಸ್ಪತ್ರೆ ಮುಟ್ಟಬೇಕು. ಹಣೆ, ರೆಪ್ಪೆ, ಪಾಪೆಗಳನ್ನು ನೋಡುವುದು ತುರ್ತನ್ನು ಏರಿಸುವುದಕ್ಕೆ, ಇಳಿಸುವುದಕ್ಕಲ್ಲ. ಈ ಗಡಿಯೊಳಗೆ ಇದ್ದರೆ ಅರೆತಿಳಿವು ಕೆಡುಕು ಮಾಡದು. ಈಗಲೂ ಮನೆಯವರು ನಿರ್ಧಾರ ಮಾಡುತ್ತಲೇ ಇದ್ದಾರೆ, ಏನೂ ತಿಳಿಯದೆ ಮಾಡುತ್ತಿದ್ದಾರೆ ಎಂಬುದನ್ನೂ ಮರೆಯಬಾರದು.

ಸ್ಕ್ಯಾನ್ ಇರುವ ಕಾಲದಲ್ಲಿ ಹುಬ್ಬು ಎತ್ತಿಸಿ ನೋಡುವುದು ಹಳೆಯ ವಿದ್ಯೆ ಎಂಬ ಮಾತೂ ಇದೆ. ಅದು ಪೂರ್ತಿ ನಿಜವಲ್ಲ. ರಕ್ತನಾಳ ಕಟ್ಟಿದ ಪಾರ್ಶ್ವವಾಯುವಿನ ಮೊದಲ ಗಂಟೆಗಳಲ್ಲಿ ಸಿ.ಟಿ. ಸ್ಕ್ಯಾನ್ ಬಹಳ ಸಲ ಸರಿಯಾಗಿಯೇ ಕಾಣುತ್ತದೆ. ಬಿಡದೆ ತಲೆ ತಿರುಗುತ್ತಿದ್ದ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿದ್ದ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಾರ್ಶ್ವವಾಯು ಆಗಿದ್ದವರಲ್ಲಿ ಶೇ 12 ಮಂದಿಯ ಮೊದಲ ಎಂ.ಆರ್.ಐ. ಏನನ್ನೂ ತೋರಿಸಲಿಲ್ಲ; ಕಣ್ಣಿನ ಚಲನೆಯನ್ನು ಹಾಸಿಗೆಯ ಬಳಿ ಪರೀಕ್ಷಿಸಿದ ನುರಿತ ನರತಜ್ಞರು ಆ ಅಧ್ಯಯನದಲ್ಲಿ ಒಬ್ಬರನ್ನೂ ತಪ್ಪಿಸಿಕೊಳ್ಳಲಿಲ್ಲ. ಆ ನೈಪುಣ್ಯ ಮನೆಯವರಿಗೆ ಬರುವಂಥದ್ದಲ್ಲ. ಆದರೆ ತಲೆ ತಿರುಗುವುದರ ಜೊತೆ ಒಂದು ಎರಡಾಗಿ ಕಾಣುವುದು, ನುಂಗಲಾಗದಿರುವುದು, ಮಾತು ತೊದಲುವುದು, ನಡೆಯಲು ಹೋದರೆ ಒಂದೇ ಕಡೆಗೆ ಬೀಳುವುದು ಸೇರಿದರೆ ಅದನ್ನು ಪಿತ್ತ ಏರಿದ್ದು ಎಂದು ಲಿಂಬು ಪಾನಕ ಕೊಟ್ಟು ಮಲಗಿಸಬಾರದು ಎಂಬಷ್ಟು ಎಲ್ಲರಿಗೂ ತಿಳಿಯಬಹುದು. ಯಂತ್ರ ಬೇಡವೆಂದು ಯಾರೂ ಹೇಳುತ್ತಿಲ್ಲ. ಯಂತ್ರದ ಬಳಿಗೆ ಸಮಯಕ್ಕೆ ಸರಿಯಾಗಿ ತಲುಪಿಸುವುದು ಈ ಹಳೆಯ ವಿದ್ಯೆ.

ಇದನ್ನು ಕಲಿಸುವುದು ದುಬಾರಿಯೂ ಅಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ. ಮಂಗನ ಕಾಯಿಲೆಯ ಕಾಲದಲ್ಲಿ ಸಿದ್ದಾಪುರದ ಕಾಡಂಚಿನ ಹಳ್ಳಿಗಳಲ್ಲಿ ಉಣುಗಿನಿಂದ ಜಾಗ್ರತೆ ಹೇಳಿಕೊಟ್ಟವರಲ್ಲಿ ಅವರೂ ಇದ್ದಾರೆ. ಹುಬ್ಬು ಎತ್ತಿಸುವುದು, ಮೇಲೆ ನೋಡಿಸುವುದು, ಬೆಳಕು ಹಿಡಿದು ಪಾಪೆ ನೋಡುವುದು ಒಂದು ಮಧ್ಯಾಹ್ನದಲ್ಲಿ ಕಲಿಯುವ ಕೆಲಸ. ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನದ ತರಗತಿಯಲ್ಲಿ, ಅಡಿಕೆ ಬೆಳೆಗಾರರ ಸಹಕಾರಿ ಸಂಘಗಳ ಸಭೆಯಲ್ಲಿ ಇದನ್ನು ತೋರಿಸಬಹುದು. ನಾಟಿ ವೈದ್ಯರನ್ನೂ ಇದರಲ್ಲಿ ಸೇರಿಸಿಕೊಳ್ಳಬೇಕು, ಯಾಕೆಂದರೆ ರೋಗಿ ಮೊದಲು ಅವರ ಜಗಲಿಗೇ ಬರುತ್ತಾನೆ; ಕೈ ಸೋತವನನ್ನು, ರೆಪ್ಪೆ ಇಳಿದವನನ್ನು ಅಲ್ಲಿಂದಲೇ ಆಸ್ಪತ್ರೆಗೆ ಕಳಿಸುವ ನಾಟಿ ವೈದ್ಯ ಯಾವ ತಜ್ಞನಿಗೂ ಕಡಿಮೆಯಲ್ಲ.

ಓದುಗರು ಮಾಡಬೇಕಾದ್ದು ಇಷ್ಟು. ಮುಖ ವಾಲಿದ್ದು, ರೆಪ್ಪೆ ಇಳಿದದ್ದು, ತಲೆಗೆ ಪೆಟ್ಟು ಬಿದ್ದವರು ತೂಕಡಿಸುವುದು ಕಂಡರೆ 108ಕ್ಕೆ ಕರೆ ಮಾಡಿ. ಗಾಡಿ ಬರುವುದು ತಡವೆನಿಸಿದರೆ ಸಿಕ್ಕ ವಾಹನದಲ್ಲಿ ಹತ್ತಿರದ ತಾಲ್ಲೂಕು ಆಸ್ಪತ್ರೆ ಮುಟ್ಟಿ. ನುಂಗಲು ಕಷ್ಟಪಡುವವರ ಬಾಯಿಗೆ ನೀರು, ಕಷಾಯ, ಮಾತ್ರೆ ಏನನ್ನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾವು ಕಚ್ಚಿದ ಕೈಕಾಲನ್ನು ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಅಲುಗದಂತೆ ಇಡಿ. ಹೊರಡುವ ಮೊದಲು, ರೋಗಿಯನ್ನು ಸರಿಯಾಗಿದ್ದಂತೆ ಕೊನೆಯ ಸಲ ಕಂಡದ್ದು ಎಷ್ಟು ಗಂಟೆಗೆ ಎಂಬುದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದು ಅದನ್ನೇ.